ನನ್ನ ಬದಲಿಗೆ ಆಡಿದವಳು

ಟೇಬಲ್ ಟೆನಿಸ್ ಟೇಬಲ್ಲಿನ ಒಂದು ಅರ್ಧವನ್ನು ಮಡಚಿ ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಬಹುದು. ಜೊತೆಗೆ ಆಡುವವರು ಸಿಗದವರಿಗಾಗಿಯೇ ಮಾಡಿದ ಏರ್ಪಾಡು ಅದು. ನೀವು ಹೊಡೆದ ಚೆಂಡು ಆ ನಿಂತ ಹಲಗೆಗೆ ಬಡಿದು ನಿಮ್ಮ ಕಡೆಗೇ ವಾಪಸು ಬರುತ್ತದೆ. ಹೈದರಾಬಾದಿನ ಬಾಲಾನಗರದ ನಮ್ಮ ಕಾರ್ಖಾನೆಯ ಕ್ಲಬ್ಬಿನಲ್ಲಿ ಸಂಜೆ ಕೆಲಸ ಮುಗಿದ ಮೇಲೆ ನಾನು ಈಗ ಹೆಚ್ಚಾಗಿ ಆ ಹಲಗೆಯ ಜೊತೆಗೇ ಆಡುತ್ತೇನೆ. ಅದು ಒಳ್ಳೆಯ ಜೊತೆಗಾತಿ. ತಪ್ಪು ಮಾಡುವುದಿಲ್ಲ, ನಡುನಡುವೆ ಮೊಬೈಲು ನೋಡುವುದಿಲ್ಲ, ಮನೆಗೆ ಹೋಗಬೇಕೆಂದು ಅವಸರ ಮಾಡುವುದಿಲ್ಲ. ಮಾತಾಡುವುದಿಲ್ಲ ಎನ್ನುವುದೊಂದೇ ಕೊರತೆ.

ಹಾಗಂತ ನಾನು ಯಾರಿಗೂ ಗೊತ್ತಿಲ್ಲದವಳೇನಲ್ಲ. ನಮ್ಮ ಕಂಪನಿಯ ಬೇರೆ ಬೇರೆ ಯೂನಿಟ್ಟುಗಳಲ್ಲಿ, ದೂರದ ಶಂಶಾಬಾದಿನ ಯೂನಿಟ್ಟಿನಲ್ಲೂ, ಟೇಬಲ್ ಟೆನಿಸ್ ಆಡುವ ಹೆಂಗಸರಿಗೆಲ್ಲ ಒಂದು ಕಾಲಕ್ಕೆ ನನ್ನ ಗುರುತಿತ್ತು. ಹೆಸರು ಮಾತ್ರ ಗೊತ್ತಿರಲಿಲ್ಲ. ಅವರು ನನ್ನನ್ನು ಅಮ್ಮಮ್ಮ ಎನ್ನುತ್ತಿದ್ದರು. ತೆಲುಗಿನಲ್ಲಿ ಅಮ್ಮಮ್ಮ ಎಂದರೆ ಅಜ್ಜಿ. ಆಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಆ ಹೆಸರು ಹೇಗೆ ಬಂತು, ಹೇಗೆ ಹೋಯಿತು ಎಂದು ಹೇಳಬೇಕಾದರೆ ದೊಡ್ಡವ್ವನಿಂದ ಶುರು ಮಾಡಬೇಕು.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ವಿಜಯಪುರದ ಕಡೆಯ ಹಳ್ಳಿಯವಳು, ಮದುವೆಯಾಗಿ ಬಾಲಾನಗರಕ್ಕೆ ಬಂದವಳು. ಗಂಡ ಲೇತ್ ಮಷೀನಿನ ಕೆಲಸಗಾರ. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೂ ಅದೇ ಎರಡು ಕೋಣೆಯ ಮನೆಯಲ್ಲಿ ಉಳಿದಳು. ನಾನು ಡಿಗ್ರಿ ಮುಗಿಸಿ ಅಮೀರ್‌ಪೇಟ್‌ಗೆ ಅಕೌಂಟ್ಸ್ ಸಾಫ್ಟ್‌ವೇರ್ ಕಲಿಯಲು ಬಂದಾಗ ಮೊದಲು ಹಾಸ್ಟೆಲಿನಲ್ಲಿದ್ದೆ. ಒಂದೇ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹುಡುಗಿಯರು, ಆದರೆ ನನಗೆ ಮಾತಾಡಲು ಒಬ್ಬಳೂ ಇಲ್ಲ. ನನ್ನ ತೆಲುಗು ಅಂಗಡಿಯಲ್ಲಿ ಸೋಪು ಕೇಳುವಷ್ಟಿತ್ತು. ಒಂದು ಭಾನುವಾರ ದೊಡ್ಡವ್ವನ ಮನೆಗೆ ಊಟಕ್ಕೆ ಹೋದವಳು ಜೋಳದ ರೊಟ್ಟಿಯ ಮೊದಲ ತುತ್ತಿಗೇ ಅತ್ತುಬಿಟ್ಟೆ. ಯಾಕೆ ಏನು ಎಂದು ಅವಳು ಕೇಳಲಿಲ್ಲ. “ಉಂಡ ಹೋಗಿ ನಿನ್ನ ಬ್ಯಾಗ್ ತೊಗೊಂಡ ಬಾ” ಎಂದಳು. ಅವತ್ತೇ ಹೋಗಿ ತಂದುಬಿಟ್ಟೆ. ತಾಯಿ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದಳು, ಅಪ್ಪನಿಗೆ ಬೇರೆ ಸಂಸಾರವಿತ್ತು. ಈ ಊರಿನಲ್ಲಿ ಮಾತ್ರವಲ್ಲ, ಎಲ್ಲೇ ಆಗಲಿ, ನನ್ನನ್ನು ನಾನು ಇದ್ದ ಹಾಗೇ ಬಲ್ಲವಳು ದೊಡ್ಡವ್ವ ಒಬ್ಬಳೇ.

ಓಣಿಗೆ ಮಾತ್ರ ಅವಳೆಂದರೆ ಭಯ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬರುವ ದಿನ ಆ ಭಯ ಕಣ್ಣಿಗೇ ಕಾಣುತ್ತಿತ್ತು. ಎಲ್ಲರೂ ಕೊಡ, ಬಕೆಟ್ಟು, ಡ್ರಮ್ಮುಗಳನ್ನು ಸಾಲಾಗಿ ಇಟ್ಟಿರುತ್ತಿದ್ದರು. ಮೂಲೆಮನೆಯವಳು ತನ್ನ ಡ್ರಮ್ಮನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತಿದ್ದಳು. ಬೇರೆಯವರು ಕೂಗಾಡುತ್ತಿದ್ದರು, ದೊಡ್ಡವ್ವ ಕೂಗಾಡುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಜೋಡಿಸಿಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಎಡಗೈಯನ್ನು ಆ ಬಿಗಿಯಲ್ಲೇ ಸಿಕ್ಕಿಸಿಕೊಂಡು ನಿಧಾನಕ್ಕೆ ಹೋಗಿ ನಿಲ್ಲುತ್ತಿದ್ದಳು. ಎದುರಿನವಳು ಹೇಳುವುದನ್ನೆಲ್ಲ ಹೇಳಲಿ ಎಂದು ಬಿಡುತ್ತಿದ್ದಳು. ಕಣ್ಣು ಅವಳ ಮುಖದ ಮೇಲಲ್ಲ, ಪಾದದ ಮೇಲೆ. ಬೈಯುತ್ತಿದ್ದವಳಿಗೆ ತನ್ನ ಕಾಲಿಗೆ ಏನೋ ಮೆತ್ತಿಕೊಂಡಿದೆ ಎನಿಸಿ ಮಾತು ತಡವರಿಸುತ್ತಿತ್ತು. ಆಗ ದೊಡ್ಡವ್ವ ತಲೆಯೆತ್ತಿ, ದನಿ ಏರಿಸದೆ, “ಮುಗೀತೇನ್ರಿ?” ಎನ್ನುತ್ತಿದ್ದಳು. ಡ್ರಮ್ಮು ಹಿಂದಕ್ಕೆ ಹೋಗುತ್ತಿತ್ತು. ನಮ್ಮ ಓಣಿಯ ತೆಲುಗರಿಗೆ ಗೊತ್ತಿದ್ದ ಒಂದೇ ಕನ್ನಡದ ಮಾತು ಅದು.

ನಾನು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದೆ. ನನ್ನ ಕೈಯಲ್ಲಿ ಆಗದ ಕೆಲಸ. ಯಾರಾದರೂ ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ಸಾಕು, ನನ್ನ ಕೈ ನಡುಗುತ್ತಿತ್ತು. ಕೆಲಸ ಸಿಕ್ಕಿದ ಮೇಲೆ, ಅಂದರೆ ಇದೇ ಕಾರ್ಖಾನೆಯ ಅಕೌಂಟ್ಸ್ ವಿಭಾಗಕ್ಕೆ ಸೇರಿದ ಮೇಲೆ, ಆ ನಡುಕವನ್ನು ಎಲ್ಲರೆದುರಿಗೆ ತೋರಿಸುವ ಅವಕಾಶವೂ ಸಿಕ್ಕಿತು. ಕ್ಲಬ್ಬಿನಲ್ಲಿ ಟೇಬಲ್ ಟೆನಿಸ್ ಇತ್ತು. ಕಾಲೇಜಿನಲ್ಲಿ ಆಡಿದ್ದೆ, ಕೈ ಚೆನ್ನಾಗಿತ್ತು. ಪ್ರ್ಯಾಕ್ಟೀಸಿನಲ್ಲಿ ನನ್ನ ಬ್ಯಾಕ್‌ಹ್ಯಾಂಡನ್ನು ಗಂಡಸರಿಗೂ ಮುಟ್ಟಲಾಗುತ್ತಿರಲಿಲ್ಲ. ಆದರೆ ಮ್ಯಾಚು ಎಂದು ಹೇಳಿ ಯಾರಾದರೂ ಸ್ಕೋರು ಬರೆಯಲು ಕುಳಿತರೆ ಆ ಕೈ ನನ್ನದಾಗಿ ಉಳಿಯುತ್ತಿರಲಿಲ್ಲ. ಸಮಸಮ ಬಂದಾಗ ಸರ್ವ್ ಮಾಡಬೇಕು, ಚೆಂಡನ್ನು ಅಂಗೈಮೇಲಿಟ್ಟರೆ ಚೆಂಡು ನಡುಗುವುದು ಎಲ್ಲರಿಗೂ ಕಾಣುತ್ತಿತ್ತು. ಸರ್ವ್ ನೇರ ನೆಟ್ಟಿಗೆ. ಸೋಲು ಅಭ್ಯಾಸವಾಗುತ್ತದೆ, ಪಾಪ ಎನ್ನುವ ಮುಖಗಳನ್ನು ನೋಡುವುದು ಅಭ್ಯಾಸವಾಗುವುದಿಲ್ಲ.

ಕ್ಲಬ್ಬಿಗೆ ವಾರಕ್ಕೆರಡು ದಿನ ಒಬ್ಬ ಕೋಚ್ ಬರುತ್ತಿದ್ದರು. ಹಳೇ ಹೈದರಾಬಾದಿನವರು, ತಾವು ಆಡಿದ್ದಕ್ಕಿಂತ ಚಹಾ ಕುಡಿದದ್ದೇ ಹೆಚ್ಚು ಎಂದು ತಾವೇ ಹೇಳಿಕೊಳ್ಳುವವರು. ಒಂದು ಸೋಲಿನ ನಂತರ ನಾನು ಷೂ ಬಿಚ್ಚುತ್ತ ಕುಳಿತಿದ್ದಾಗ ಪಕ್ಕಕ್ಕೆ ಬಂದು ಕುಳಿತು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಹೇಳಿದರು: “ತುಮ್ ಖುದ್ ಆತೇ ಟೇಬಲ್ ಪೇ, ವೋಇಚ್ ಗಡ್ಬಡ್ ಹೈ, ಬೇಟಾ. ಕಿಸೀ ಔರ್ ಕೋ ಭೇಜೋ.” ನೀನೇ ಟೇಬಲ್ಲಿಗೆ ಬರುವುದೇ ತೊಂದರೆ, ಬೇರೆ ಯಾರನ್ನಾದರೂ ಕಳಿಸು ಎಂದು. ನನ್ನನ್ನು ಟೀಮಿನಿಂದ ತೆಗೆಯುತ್ತಿದ್ದಾರೆ ಎಂದುಕೊಂಡೆ. ಅದಲ್ಲವಂತೆ. ಹೆದರದ ಒಬ್ಬ ಹೆಂಗಸನ್ನು ಮನಸ್ಸಿನಲ್ಲಿ ಆರಿಸಿಕೋ, ಷೂ ಕಟ್ಟುವಾಗ ಅವಳನ್ನು ಒಳಗೆ ಕರೆದುಕೋ, ಅವಳು ನಡೆಯುವ ಹಾಗೆ ನಡೆ, ನಿಲ್ಲುವ ಹಾಗೆ ನಿಲ್ಲು, ನಿನ್ನ ಭಯವನ್ನು ಬ್ಯಾಗಿನಲ್ಲಿಟ್ಟು ಬಾ ಎಂದರು. ಈಗೀಗ ಇದನ್ನು ದೊಡ್ಡ ದೊಡ್ಡ ಆಟಗಾರರಿಗೆ ಪರಿಣತರು ಫೀಸು ತೆಗೆದುಕೊಂಡು ಹೇಳಿಕೊಡುತ್ತಾರಂತೆ. ನನಗೆ ಪುಕ್ಕಟೆಯಾಗಿ ಸಿಕ್ಕಿತ್ತು, ಅದಕ್ಕೇ ಮೊದಲು ಬೆಲೆ ಕೊಡಲಿಲ್ಲ.

ಆಮೇಲೆ ಪ್ರಯತ್ನಿಸಿದೆ. ಮೊದಲು ಸಿನಿಮಾದಲ್ಲಿ ಬರುವಂಥ ಒಬ್ಬ ಪೊಲೀಸ್ ಅಧಿಕಾರಿಣಿಯನ್ನು ಕರೆದೆ. ಎದೆಯುಬ್ಬಿಸಿ ನಡೆದು ಹೋಗಿ ಮೊದಲ ಸರ್ವನ್ನೇ ಛಾವಣಿಯ ಕಡೆಗೆ ಹೊಡೆದೆ. ಆಮೇಲೆ ನಮ್ಮ ಕಾಲೇಜಿನ ಪ್ರಿನ್ಸಿಪಾಲರನ್ನು ಕರೆದೆ. ಅವರು ಬಂದರು, ಆದರೆ ನನ್ನನ್ನೇ ಗದರಿಸಿದರು. ಕೊನೆಗೆ ಒಂದು ಟ್ಯಾಂಕರ್ ದಿನ, ಬಾಗಿಲಲ್ಲಿ ನಿಂತು ದೊಡ್ಡವ್ವ ಸೆರಗು ಬಿಗಿಯುವುದನ್ನು ನೋಡುತ್ತಿದ್ದಾಗ, ಇಷ್ಟು ದಿನ ಹುಡುಕಿದವಳು ಮನೆಯಲ್ಲೇ ಇದ್ದಾಳಲ್ಲ ಎಂದು ನನ್ನ ಬುದ್ಧಿಗೆ ನಾನೇ ನಕ್ಕೆ.

ಮುಂದಿನ ಮ್ಯಾಚಿಗೆ ದೊಡ್ಡವ್ವನನ್ನು ಕರೆದೆ. ಟ್ರ್ಯಾಕ್ ಪ್ಯಾಂಟಿನ ಮೇಲೆ ಎಲ್ಲಿಯ ಸೆರಗು? ಆದರೂ ಇದೆ ಎಂದುಕೊಂಡು ಸೊಂಟಕ್ಕೆ ಬಿಗಿದು ಎಡಗೈಯನ್ನು ಅಲ್ಲೇ ಒತ್ತಿ ಹಿಡಿದೆ. ಅವಸರವಿಲ್ಲದ ಹೆಜ್ಜೆ ಹಾಕಿದೆ. ಎದುರಾಳಿ ಸರ್ವ್ ಮಾಡಲು ಬಗ್ಗಿದಾಗ ಅವಳ ಷೂಗಳನ್ನೇ ನೋಡಿದೆ. ಅವಳು ಒಂದು ಸಲ ತಡೆದು ತನ್ನ ಲೇಸು ನೋಡಿಕೊಂಡಳು. ಪಾಯಿಂಟು ನನ್ನದು. ಅವಳು ಬೇಸರದಿಂದ ತನಗೆ ತಾನೇ ಏನೋ ಬೈದುಕೊಂಡಾಗ ನನ್ನ ಬಾಯಿಂದ “ಮುಗೀತೇನ್ರಿ?” ಎಂಬ ಮಾತು ಬಂದೇಬಿಟ್ಟಿತು. ಅರ್ಥವಾಗದೆ ಅವಳು ಇನ್ನೂ ಗಲಿಬಿಲಿಗೊಂಡಳು. ಸಮಸಮ ಬಂದಾಗ ನನ್ನ ಅಂಗೈಮೇಲೆ ಚೆಂಡು ಅಲ್ಲಾಡದೆ ಕೂತಿತ್ತು. ಆ ಕ್ಷಣದ ಸುಖವನ್ನು ನಾನು ಸುಳ್ಳೆಂದು ಹೇಳಲಾರೆ. ಗೆದ್ದೆ.

ಆಮೇಲೆ ಗೆಲ್ಲುತ್ತಲೇ ಹೋದೆ. ನೋಡಿದವರಿಗೆ ನನ್ನ ನಡಿಗೆ, ನಿಲುವು, ಆ ನೋಟ ಎಲ್ಲ ತಮಾಷೆ. ಯಾರೋ ಅಮ್ಮಮ್ಮ ಎಂದರು, ಎಲ್ಲರೂ ಹಿಡಿದುಕೊಂಡರು. “ಅಮ್ಮಮ್ಮ ವಚ್ಚಿಂದಿ” ಅಮ್ಮಮ್ಮ ಬಂದಳು ಎಂದು ಆಟದ ಹಾಲಿನಲ್ಲಿ ಕೂಗು ಎದ್ದರೆ ಎದುರಾಳಿಯ ಮುಖ ಅರ್ಧ ಬಾಡುತ್ತಿತ್ತು. ಮ್ಯಾಚು ಮುಗಿದ ಮೇಲೆ ಹೆಗಲಿಗೆ ಕೈಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದರು, ಬಿರಿಯಾನಿಗೆ ಎಳೆದುಕೊಂಡು ಹೋಗುತ್ತಿದ್ದರು.

ತೊಂದರೆ ಶುರುವಾಗುತ್ತಿದ್ದದ್ದು ಬಿರಿಯಾನಿ ಬಂದ ಮೇಲೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ಅಮ್ಮಮ್ಮ ಏನಾದರೂ ಹೇಳುತ್ತಾಳೆ ಎಂದು. ಅಮ್ಮಮ್ಮ ಅಷ್ಟರಲ್ಲಿ ಹೊರಟುಹೋಗಿರುತ್ತಿದ್ದಳು. ಉಳಿದಿದ್ದವಳು ನಾನು, ಬಿರಿಯಾನಿಗೆ ಹಾಕಿಕೊಳ್ಳುವ ಮಿರ್ಚಿ ಸಾಲನ್ ಈ ಕಡೆ ಕೊಡಿ ಎಂದು ಕೇಳಲೂ ಸಂಕೋಚಪಡುವವಳು. ಸ್ವಲ್ಪ ಹೊತ್ತು ಕಾದು ಅವರು ತಮ್ಮತಮ್ಮೊಳಗೆ ಮಾತು ಬೆಳೆಸುತ್ತಿದ್ದರು. ನಾನು ನಗಬೇಕಾದ ಕಡೆ ನಗುತ್ತಿದ್ದೆ, ತೆಲುಗು ಅರ್ಥವಾದರೂ ಒಂದು ಗಳಿಗೆ ತಡವಾಗಿ. ಒಮ್ಮೆ ಪಕ್ಕದಲ್ಲಿ ಕುಳಿತವಳು ತಮಾಷೆಗೇ ಕೇಳಿದಳು: “ನೀವು ಅಮ್ಮಮ್ಮನ ತಂಗಿಯಾ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬರುವ ಆಟೋದಲ್ಲಿ ಆ ನಗು ಮುಖದ ಮೇಲೆ ಹಾಗೇ ಉಳಿದು ದವಡೆ ನೋಯುತ್ತಿತ್ತು.

ಸೋಲುತ್ತಿದ್ದಾಗ ನಾನು ಒಂಟಿಯಾಗಿದ್ದೆ ನಿಜ, ಆದರೆ ಪಾಪ ಎನ್ನುವವರು ಪಾಪ ಎನ್ನುತ್ತಿದ್ದದ್ದು ನನ್ನನ್ನೇ. ಗೆಲ್ಲತೊಡಗಿದ ಮೇಲೆ ನನ್ನ ಪಾಲಿಗೆ ಏನೂ ಬರಲಿಲ್ಲ. ಚಪ್ಪಾಳೆ ಅವಳಿಗೆ, ಫೋಟೊ ಅವಳದು. ಹಾಗೆಂದು ಅವಳನ್ನು ಕಳಿಸಿಬಿಡುವ ಧೈರ್ಯವೂ ನನಗಿರಲಿಲ್ಲ. ಅವಳಿಲ್ಲದೆ ಹೋದರೆ ಮತ್ತೆ ಆ ನಡುಗುವ ಕೈ. ಆಗ ಹುಟ್ಟಿದ ಆಸೆ ಒಂದೇ: ನನ್ನನ್ನು ಬಲ್ಲ ಒಬ್ಬರು ಬಂದು ಕುಳಿತು ನಾನು ಗೆಲ್ಲುವುದನ್ನು ನೋಡಬೇಕು. ಆಗಲಾದರೂ ಆ ಗೆಲುವು ನನಗೆ ಸೇರುತ್ತದೆ ಎಂದುಕೊಂಡೆ. ನನ್ನನ್ನು ಬಲ್ಲವಳು ಒಬ್ಬಳೇ, ಆ ಒಬ್ಬಳು ಬರಲೊಲ್ಲಳು.

“ಚೆಂಡ ಅತ್ಲಾಗ ಹೋಗಿ ಇತ್ಲಾಗ ಬರೂದ ನೋಡಾಕ ನಾ ಯಾಕ ಬರ್ಲಿ?” ಎನ್ನುತ್ತಿದ್ದಳು ದೊಡ್ಡವ್ವ. “ನೀ ಗೆದ್ದ ಬಾ. ಹುಗ್ಗಿ ಮಾಡಿಟ್ಟಿರ್ತೀನಿ.”

ಅವಳು ಕಿರಾಣಿ ಅಂಗಡಿ ಮತ್ತು ಹನುಮಪ್ಪನ ಗುಡಿ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಮೆಟ್ರೊ ಬಂದು ಎಷ್ಟು ದಿನವಾದರೂ ಹತ್ತಿರಲಿಲ್ಲ. ನಾನು ಅದನ್ನು ಅವಳ ಗತ್ತು ಎಂದುಕೊಂಡಿದ್ದೆ. ಮಹಾರಾಣಿ ಅರಮನೆ ಬಿಟ್ಟು ಇಳಿಯುವುದಿಲ್ಲ ಎಂದು ಚುಡಾಯಿಸುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು.

ಆ ವರ್ಷ ಯೂನಿಟ್ಟುಗಳ ನಡುವಿನ ಪಂದ್ಯಾವಳಿ ನಮ್ಮ ಕ್ಲಬ್ಬಿನಲ್ಲೇ ಇತ್ತು. ಮನೆಯಿಂದ ನಡೆದು ಹೋಗುವ ದೂರ, ನಡುವೆ ಒಂದು ದೊಡ್ಡ ರಸ್ತೆ. ನಾನು ಸೆಮಿಫೈನಲ್ಲಿಗೆ ಬಂದಿದ್ದೆ. ಈ ಸಲ ಚುಡಾಯಿಸಲಿಲ್ಲ, ಬೇಡಿಕೊಂಡೆ. “ನನ್ನವರು ಅಂತ ಒಬ್ಬರೂ ಬಂದಿಲ್ಲ ದೊಡ್ಡವ್ವ ಇಷ್ಟ ದಿನ. ಎಲ್ಲಾರ ಮನ್ಯಾಗಿಂದ ಯಾರರೆ ಬಂದಿರ್ತಾರ” ಎಂದೆ. ಅವಳು ಬಹಳ ಹೊತ್ತು ಅವರೆಕಾಯಿ ಸುಲಿದಳು. ಆಮೇಲೆ, “ರಸ್ತೆ ದಾಟೂಮುಂದ ನನ್ನ ಕೈ ಬಿಡಬ್ಯಾಡ ಮತ್ತ” ಎಂದಳು.

ದಾಟುವಾಗ ಅವಳು ನನ್ನ ಮೊಣಕೈಯನ್ನು ಹಿಡಿದ ಬಿಗಿಗೆ ನಾನೇ ನಕ್ಕು, ಆಡೋ ಕೈ ದೊಡ್ಡವ್ವ, ಮುರೀಬ್ಯಾಡ ಎಂದೆ. ಅವಳು ನಗಲಿಲ್ಲ. ಹಾಲಿನಲ್ಲಿ ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಇಸ್ತ್ರಿ ಮಾಡಿದ ಇಳಕಲ್ ಸೀರೆ, ತಲೆ ತುಂಬ ಸೆರಗು. ಆ ಹಾಲಿನಲ್ಲಿ ಅಷ್ಟು ಜನರ ನಡುವೆ ನನಗೆ ಸೇರಿದ ಒಂದು ಮುಖ ಇತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಆಟ ಶುರುವಾಗುವ ಮುನ್ನವೇ ಗೆದ್ದೆ ಎನಿಸಿತ್ತು.

ಸಂತೋಷದ ಜೊತೆಗೇ ನಡುಕವೂ ಬಂತು. ನಾನು ಎಂದಿನಂತೆ ಸೆರಗು ಬಿಗಿದೆ. ಅಂದು ಹಾಲಿನ ತುಂಬ ಜನ, ಹಾಗಾಗಿ ಸ್ವಲ್ಪ ಹೆಚ್ಚಾಗಿಯೇ ಬಿಗಿದೆ. ನಡೆದೆ, ನಿಂತೆ, ಪಾದ ನೋಡಿದೆ. ಜನ ನಕ್ಕರು, ಅಮ್ಮಮ್ಮ ಅಮ್ಮಮ್ಮ ಎಂದು ಕೂಗಿದರು. ಮೊದಲ ಗೇಮು ಸುಲಭವಾಗಿ ಬಂತು. ಎರಡನೆಯದರಲ್ಲಿ ಎದುರಿನ ಹುಡುಗಿ, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು, ಒಂದು ಪಾಯಿಂಟು ತನ್ನದೆಂದು ವಾದಿಸತೊಡಗಿದಳು. ಚೆಂಡು ಟೇಬಲ್ಲಿನ ಅಂಚಿಗೆ ತಗುಲಿತ್ತೋ ಇಲ್ಲವೋ ಎಂಬ ತಕರಾರು. ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾನು ಅವಳು ಹೇಳುವುದನ್ನೆಲ್ಲ ಕೇಳಿ, ತಲೆಯೆತ್ತಿ, “ಮುಗೀತೇನ್ರಿ?” ಎಂದೆ. ಹಾಲಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ನಾನು ದೊಡ್ಡವ್ವನ ಕಡೆ ತಿರುಗಿದೆ, ಅವಳೂ ನಗುತ್ತಿರಬೇಕೆಂದು. ಕುರ್ಚಿ ಖಾಲಿ ಇತ್ತು.

ಉಳಿದ ಆಟವನ್ನು ನಾನು ಆಡಿದ ನೆನಪಿಲ್ಲ. ಗೆದ್ದೆ. ಫೋಟೊಗೆ ನಿಲ್ಲದೆ ಹೊರಗೆ ಓಡಿದೆ. ದೊಡ್ಡವ್ವ ಸೈಕಲ್ ಸ್ಟ್ಯಾಂಡಿನ ಹತ್ತಿರದ ಬೇವಿನ ಮರದ ಕೆಳಗೆ, ಕಟ್ಟೆಯ ಮೇಲೆ ಕುಳಿತಿದ್ದಳು. ಅವಳನ್ನು ಆಡಿಕೊಂಡೆ ಎಂದು ಸಿಟ್ಟಾಗಿರಬೇಕು ಎಂದುಕೊಂಡೆ.

“ನಿನ್ನ ನಕ್ಕಂಗ ಅಲ್ಲ ಅದು, ದೊಡ್ಡವ್ವ” ಎಂದೆ. “ನೀ ಇದ್ರ ನಂಗ ಧೈರ್ಯ ಅಂತ, ನಿನ್ನಂಗ ಆಡ್ತೀನಿ.”

“ನನ್ನಂಗ ಅಲ್ಲ” ಎಂದಳು. “ಅದು ನಂದಲ್ಲ. ನಮ್ಮತ್ತಿದು.”

ಅವಳ ಅತ್ತೆಯನ್ನು ನಾನು ನೋಡಿರಲಿಲ್ಲ. ನಾನು ಬರುವುದಕ್ಕೆ ಎಷ್ಟೋ ವರ್ಷ ಮುಂಚೆ ಆ ಮನೆಯಲ್ಲೇ ತೀರಿಕೊಂಡವಳು. ಅವಳ ಬಗ್ಗೆ ದೊಡ್ಡವ್ವ ಎಂದೂ ಮಾತೆತ್ತಿದವಳಲ್ಲ. ಆ ಹೊತ್ತು ಎತ್ತಿದಳು. ಮದುವೆಯಾಗಿ ಬಂದ ಹೊಸದರಲ್ಲಿ ಈ ಊರಿನ ಭಾಷೆ ಬಾರದು, ತವರಿನ ನೆನಪು, ಗಂಡನಿಗೆ ಡಬಲ್ ಡ್ಯೂಟಿ. ಮನೆಯಲ್ಲಿ ಇಡೀ ದಿನ ಇವರಿಬ್ಬರೇ. “ನಾ ಏನರೆ ಕಷ್ಟ ಹೇಳಿದ್ರ, ಅತ್ರ, ಆಕಿ ನನ್ನ ಮಾರಿ ನೋಡ್ತಿರಲಿಲ್ಲ. ಕಾಲ ನೋಡ್ಕೋತ ಕುಂದರತಿದ್ಲು. ಎಲ್ಲಾ ಹೇಳಿ ಆದಮ್ಯಾಲ ತಲಿ ಎತ್ತಿ, ಮುಗೀತೇನ ಅಂತಿದ್ಲು. ಆಮ್ಯಾಲ ಮಾತಾಡಾಕ ಏನ ಉಳೀತೈತಿ?”

ಅತ್ತೆ ಸತ್ತ ಮೇಲೆ ಮೊದಲ ಸಲ ತಾನೇ ನೀರಿಗೆ ಹೋದಾಗ ಓಣಿಯವರು ಅವಳ ಕೊಡವನ್ನು ಹಿಂದೆ ಹಿಂದೆ ತಳ್ಳಿದ್ದರಂತೆ. ಖಾಲಿ ಕೊಡ ಹೊತ್ತು ಬಂದು ಮನೆಯಲ್ಲಿ ಕುಳಿತು ಅತ್ತಳಂತೆ. ಮುಂದಿನ ಸಲ ಹೋಗುವಾಗ ಸೆರಗು ಬಿಗಿದುಕೊಂಡು ಹೋದಳಂತೆ, ಅತ್ತೆ ಬಿಗಿಯುತ್ತಿದ್ದ ಹಾಗೆ.

“ಕೈ ಯಾಕ ಸೆರಗಿನ್ಯಾಗ ಸಿಗಿಸ್ತೀನಿ ಅಂತ ತಿಳದೀ? ನಡಗತೈತಿ ಅಂತ” ಎಂದಳು. “ಈಗೂ ನಡಗತೈತಿ. ಜಗಳಾಡಾಕಿ ನಾ ಅಲ್ಲವಾ. ಆಕಿ. ಕರದಾಗೊಮ್ಮೆ ಬಂದ್ಲು, ನೀರ ಕೊಡಿಸಿದ್ಲು. ಖರೆ ಹೊಳ್ಳಿ ಹೋಗಂಗಿಲ್ಲ ಆಕಿ. ಓಣ್ಯಾಗಿನ ಮಂದಿ ನಮ್ಮ ಮನಿಗೆ ಚಾ ಕುಡ್ಯಾಕ ಬಂದಿದ್ದ ನೋಡೀಯೇನ ನೀ ಒಂದ ದಿನ?”

ನೋಡಿರಲಿಲ್ಲ. ಅವಳೊಡನೆ ಇದ್ದ ಅಷ್ಟು ವರ್ಷಗಳಲ್ಲಿ ಆ ಹೊಸ್ತಿಲು ದಾಟಿ ಒಬ್ಬರೂ ಒಳಗೆ ಬಂದಿರಲಿಲ್ಲ. ಅದು ನನಗೆ ಹೊಳೆದೂ ಇರಲಿಲ್ಲ.

“ಅವರಿಗೆ ನನ್ನ ಪರಿಚಯ ಇಲ್ಲ. ನಮ್ಮತ್ತಿ ಪರಿಚಯ ಐತಿ” ಎಂದಳು ದೊಡ್ಡವ್ವ. ನನ್ನ ಕಡೆ ತಿರುಗಿದಳು. “ನಿನ್ನ ನೋಡಾಕ ಅಂತ ಬಂದಿದ್ನಿ ನಾ. ನೀ ಕಾಣಲಿಲ್ಲ ಅಲ್ಲಿ.”

ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡುವುದೇಕೆ. ಇಷ್ಟು ದಿನ ಸೋತವಳು ಹೇಗೋ ಒಂದು ದಾರಿ ಹುಡುಕಿಕೊಂಡರೆ, ಆ ದಾರಿಯಲ್ಲಿ ಯಾರದೋ ಹಳೇ ಅತ್ತೆ ಕುಳಿತಿದ್ದರೆ ಅದು ನನ್ನ ತಪ್ಪೇ? ನಾಳೆ ಫೈನಲ್ ಇದೆ, ಇದನ್ನೆಲ್ಲ ಇವತ್ತೇ ಹೇಳಬೇಕಿತ್ತೇ? ಮನೆಯ ಕಡೆಗೆ ನಡೆದೆವು. ರಸ್ತೆ ದಾಟುವಾಗ ಅವಳು ನನ್ನ ಕೈ ಹಿಡಿದಳು. ಈ ಸಲ ಆ ಹಿಡಿತದಲ್ಲಿದ್ದ ನಡುಕ ನನಗೆ ತಿಳಿಯಿತು. ಅವಳ ಗತ್ತು ಎಂದು ನಾನು ತಿಳಿದಿದ್ದದ್ದೆಲ್ಲ ಇದೇ ನಡುಕವಾಗಿತ್ತು.

ಮರುದಿನ ನಾನು ಕರೆಯಲಿಲ್ಲ, ಅವಳು ಬರುತ್ತೇನೆ ಎನ್ನಲಿಲ್ಲ. ಎದುರಾಳಿ ಶಂಶಾಬಾದ್ ಯೂನಿಟ್ಟಿನವಳು, ಎತ್ತರದ ಎಡಗೈ ಆಟಗಾರ್ತಿ. ಷೂ ಕಟ್ಟುವಾಗ ಯಾರನ್ನೂ ಕರೆಯಲು ಮನಸ್ಸಾಗಲಿಲ್ಲ. ಹಾಗೆಂದು ನಾನೇನೋ ದೃಢ ನಿಶ್ಚಯ ಮಾಡಿದ್ದೆ ಎಂದಲ್ಲ. ದೊಡ್ಡವ್ವನನ್ನು ಅಳಿಸಿದ ಆ ಹೆಂಗಸನ್ನು ಮೈಮೇಲೆ ಹಾಕಿಕೊಳ್ಳಲು ಹೇಸಿಗೆಯಾಯಿತು, ಅಷ್ಟೇ. ಟೇಬಲ್ಲಿಗೆ ಬಂದು ನಿಂತೆ, ಕೈ ನಡುಗಿತು. ಮೊದಲ ಗೇಮಿನಲ್ಲಿ ಎದುರಾಳಿ ಆಡುವ ಕಷ್ಟವನ್ನೇ ಪಡಲಿಲ್ಲ, ನಾನೇ ಕೊಟ್ಟೆ. “ಏಮಯಿಂದಿ ಅಮ್ಮಮ್ಮಾ?” ಏನಾಯಿತು ಅಜ್ಜಿ ಎಂದು ಯಾರೋ ಕೂಗಿದರು. ಕೋಚ್ ಬಂದು ಟವೆಲ್ ಕೊಡುತ್ತ ಮೆಲ್ಲಗೆ, “ವೋ ನಹೀಂ ಆಯೀ ಕ್ಯಾ ಆಜ್?” ಎಂದರು. ಇಲ್ಲ, ಇವತ್ತು ಅವಳು ಬರುವುದಿಲ್ಲ ಎಂದೆ. ಅವರು ನನ್ನ ಮುಖ ನೋಡಿ, ನೀರು ಕುಡಿ ಎಂದರು.

ಎರಡನೆಯ ಗೇಮಿನ ನಡುವೆ ಚೆಂಡು ಉರುಳಿಕೊಂಡು ಬಾಗಿಲ ಕಡೆಗೆ ಹೋಯಿತು. ತರಲು ಹೋದವಳಿಗೆ ಬಾಗಿಲಲ್ಲಿ ಇಳಕಲ್ ಸೀರೆಯ ಅಂಚು ಕಂಡಿತು. ದೊಡ್ಡವ್ವ ಒಬ್ಬಳೇ ಬಂದಿದ್ದಳು. ಆ ರಸ್ತೆಯನ್ನು ಒಬ್ಬಳೇ ದಾಟಿದ್ದಳು. ಹಣೆಯ ಮೇಲೆ ಬೆವರು, ಕುಂಕುಮ ಕದಡಿತ್ತು. ಸೆರಗು ಸೊಂಟಕ್ಕೆ ಬಿಗಿದಿರಲಿಲ್ಲ, ತಲೆಯ ಮೇಲಿತ್ತು. ನಾನು ಚೆಂಡು ಎತ್ತಿಕೊಂಡೆ. ಅವಳು ಹೋಗಿ ನಿನ್ನೆಯ ಕುರ್ಚಿಯಲ್ಲೇ ಕುಳಿತಳು.

ಅವಳು ಬಂದ ಮೇಲೆ ಕೈ ನಡುಗುವುದು ನಿಂತಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಲ್ಲಲಿಲ್ಲ. ಆದರೆ ನಡುಗುವ ಕೈಯಲ್ಲೇ ಆಡಬಹುದು ಎನ್ನುವುದು ಅಂದು ಗೊತ್ತಾಯಿತು. ಸರ್ವನ್ನು ಸಾದಾ ಮಾಡಿದೆ, ಚೆಂಡನ್ನು ಹಿಂತಿರುಗಿಸುತ್ತ ಹೋದೆ, ಎರಡನೆಯ ಗೇಮು ಗೆದ್ದೆ, ಮೂರನೆಯದು ಸೋತೆ, ನಾಲ್ಕನೆಯದು ಹೇಗೋ ಗೆದ್ದೆ. ಕೂಗುತ್ತಿದ್ದವರೆಲ್ಲ ಸುಮ್ಮನಾಗಿದ್ದರು. ನಗಿಸುವವಳು ಬಾರದ ಆಟ ಅವರಿಗೆ ಸಪ್ಪೆಯಾಗಿತ್ತು. ಕೆಲವರು ಎದ್ದು ಹೊರಟರು.

ಕೊನೆಯ ಗೇಮಿನಲ್ಲಿ ಸಮಸಮ ಬಂದೆವು. ಆಮೇಲೆ ಎದುರಾಳಿ ಒಂದು ಪಾಯಿಂಟು ಮುಂದೆ, ಇನ್ನೊಂದು ಸಿಕ್ಕರೆ ಮ್ಯಾಚು ಅವಳದು, ಸರ್ವ್ ನನ್ನದು. ಅಂಗೈಮೇಲೆ ಚೆಂಡು ನಡುಗುತ್ತಿತ್ತು. ಎದುರಾಳಿಯ ಬಿಳಿ ಷೂಗಳು ನನಗೆ ಚೆನ್ನಾಗಿ ಕಾಣುತ್ತಿದ್ದವು. ಒಂದು ಸಲ ಸೊಂಟಕ್ಕೆ ಕೈ ಒತ್ತಿದರೆ ಸಾಕು, ಅಮ್ಮಮ್ಮ ಬರುತ್ತಾಳೆ, ಗೆಲ್ಲಿಸುತ್ತಾಳೆ, ಹಾಲಿನ ತುಂಬ ನಗು ಎದ್ದೇಳುತ್ತದೆ ಎಂದು ಗೊತ್ತಿತ್ತು. ಬೇಕು ಎಂದೂ ಅನಿಸಿತು, ಬಹಳ ಅನಿಸಿತು. ದೊಡ್ಡವ್ವನ ಕಡೆ ನೋಡಿದೆ. ಅವಳ ಎರಡು ಕೈಯೂ ಮಡಿಲಲ್ಲಿದ್ದವು, ಎಲ್ಲರಿಗೂ ಕಾಣುವ ಹಾಗೆ, ರಸ್ತೆ ದಾಟಿದ ನಡುಕ ಇನ್ನೂ ಆರದೆ. ಅವಳು ಯಾರನ್ನೂ ಜೊತೆಗೆ ಕರೆದುಕೊಳ್ಳದೆ ಬಂದಿದ್ದಳು. ಅವಳು ನೋಡಲು ಬಂದಿದ್ದು ಯಾರನ್ನು ಎನ್ನುವುದೂ ನನಗೆ ಗೊತ್ತಿತ್ತು.

ನಾನೇ ಸರ್ವ್ ಮಾಡಿದೆ. ಚೆಂಡು ನೆಟ್ಟಿಗೆ ತಗುಲಿ ನನ್ನ ಕಡೆಗೇ ಬಿತ್ತು.

ಎದುರಾಳಿಯ ಕೈ ಕುಲುಕಿದೆ. ಅವಳ ಟೀಮಿನವರು ಅವಳನ್ನು ಎತ್ತಿಕೊಂಡರು. ನಮ್ಮ ಟೀಮಿನವರು ಪರವಾಗಿಲ್ಲ ಎಂದು ಒಂದೊಂದು ಮಾತು ಹೇಳಿ ಬ್ಯಾಗು ಏರಿಸಿಕೊಂಡರು. ಬಿರಿಯಾನಿಗೆ ಹೋದರೆಂದು ಮರುದಿನ ಫೋಟೊ ನೋಡಿ ತಿಳಿಯಿತು. ಆ ದಿನದಿಂದ ಅಮ್ಮಮ್ಮ ಎಂದು ಕರೆಯುವುದು ಕಡಿಮೆಯಾಯಿತು. ಬೇರೆ ಹೆಸರಿನಿಂದ ಕರೆಯುವುದು ಶುರುವಾಗಲಿಲ್ಲ.

ದೊಡ್ಡವ್ವ ಕುರ್ಚಿಯಿಂದ ಎದ್ದು ಬಂದು ನನ್ನ ಬ್ಯಾಗು ತೆಗೆದುಕೊಂಡಳು. ಹೊರಗೆ ಬಂದೆವು. ಬೇವಿನ ಮರದವರೆಗೆ ತಡೆದುಕೊಂಡಿದ್ದೆ, ಅಲ್ಲಿ ಆಗಲಿಲ್ಲ. ಸೋತದ್ದಕ್ಕೆ ಅಳುತ್ತಿದ್ದೆನೋ, ಮತ್ತೆ ಒಂಟಿಯಾಗುತ್ತೇನೆಂದು ಅಳುತ್ತಿದ್ದೆನೋ, ಈಗಲೂ ಸರಿಯಾಗಿ ಹೇಳಲಾರೆ. ಕಾರ್ಖಾನೆಯ ಶಿಫ್ಟು ಬಿಟ್ಟು ಜನ ನಮ್ಮನ್ನು ದಾಟಿ ಹೋಗುತ್ತಿದ್ದರು, ಕೆಲವರು ತಿರುಗಿ ನೋಡುತ್ತಿದ್ದರು. ನಾನು ಸೋತ ಸರ್ವಿನ ಬಗ್ಗೆ, ಹೊರಟುಹೋದ ಜನರ ಬಗ್ಗೆ, ಅಮೀರ್‌ಪೇಟ್‌ನ ಹಾಸ್ಟೆಲಿನ ಬಗ್ಗೆ, ಅವ್ವನ ಬಗ್ಗೆ, ಸಂಬಂಧವಿಲ್ಲದ್ದನ್ನೆಲ್ಲ ಒಟ್ಟಿಗೆ ಹೇಳುತ್ತ ಅಳುತ್ತಲೇ ಇದ್ದೆ. ದೊಡ್ಡವ್ವ ನನ್ನ ಮುಖವನ್ನೇ ನೋಡುತ್ತ, ಬ್ಯಾಗು ಹಿಡಿದುಕೊಂಡು ನಿಂತಿದ್ದಳು. ಸಾಕು ಎನ್ನಲಿಲ್ಲ. ಅವಳು ತೀರಿಕೊಂಡು ಈಗ ಎರಡು ವರ್ಷವಾಯಿತು. ಅಷ್ಟು ಹೊತ್ತು ನನ್ನ ಎದುರಿಗೆ ಹಾಗೆ ನಿಂತವರು ಆ ದಿನಕ್ಕೆ ಮುಂಚೆ ಯಾರೂ ಇರಲಿಲ್ಲ, ಆಮೇಲೂ ಯಾರೂ ಸಿಕ್ಕಿಲ್ಲ.